ಪರ್ಣದರ್ಶಿಯ ಎದುರು ದೇವೀರಮ್ಮ ಕಣ್ಣು ಮುಚ್ಚದೆ ನಿಂತ ಪ್ರಸಂಗ

ಮೂರು ಫೇಸುಗಳಲ್ಲಿ ಪ್ರವಹಿಸುವ ತ್ರಿಪಥಗಾಮಿನಿಯೇ, ಕಂಬದಿಂದ ಕಂಬಕ್ಕೆ ಲಂಘಿಸುವವಳೇ, ಸುತ್ತಣ ಹಳ್ಳಿಗಳಿಗೆ ದಿನಕ್ಕೆ ಏಳು ತಾಸು ಮುಖ ತೋರಿಸಿ ಕೈಗಾರಿಕಾ ಪ್ರದೇಶಕ್ಕೆ ಮಾತ್ರ ಹಗಲಿರುಳೂ ಒಲಿದಿರುವ ವಿದ್ಯುದ್ದೇವಿಯೇ, ಈ ಕಥನ ಮುಗಿಯುವತನಕ ಕೈಕೊಡಬೇಡ ತಾಯಿ. ನೀನಿಲ್ಲದೆ ಇಲ್ಲಿ ಸೂರ್ಯನಿಲ್ಲ, ಗಾಳಿಯಿಲ್ಲ, ನೀರು ಹರಿಯುವುದಿಲ್ಲ. ನಮ್ಮ ನಾಯಕಿಗೆ ಬೆವರೊಂದನ್ನುಳಿದು ಸ್ವಂತದ್ದೆನ್ನುವುದು ಏನೂ ಇರುವುದಿಲ್ಲ.

ಅದು ಮಣ್ಣನ್ನು ಕೊಳೆಯೆಂದು ಕರೆಯುತ್ತಿದ್ದ ಯುಗ. ಸೊಪ್ಪು ನೆಲದಲ್ಲಿ ಬೆಳೆದರೆ ಒರಟು, ಕೊಳವೆಯಲ್ಲಿ ಬೆಳೆದರೆ ನಾಜೂಕು ಎಂದು ನಗರದ ಸುಸಂಸ್ಕೃತ ಜಿಹ್ವೆಗಳು ತೀರ್ಪು ಕೊಟ್ಟಿದ್ದ ಯುಗ. ಮನುಷ್ಯರ ನಾಡಿ ನೋಡಲು ಡಾಕ್ಟರು ವಾರಕ್ಕೆರಡು ದಿನ ಬಂದರೆ ಅದೇ ಭಾಗ್ಯವೆಂದುಕೊಳ್ಳುತ್ತಿದ್ದ, ಆದರೆ ಲೆಟಿಸ್ ಎಂಬ ಪರದೇಶಿ ಸೊಪ್ಪಿನ ನಾಡಿಯನ್ನು ಹತ್ತು ನಿಮಿಷಕ್ಕೊಮ್ಮೆ ತಪ್ಪದೆ ಹಿಡಿಯುತ್ತಿದ್ದ ಯುಗ. ಅಂಥ ಯುಗದಲ್ಲಿ, ನಂಜನಗೂಡಿನ ಸೀಮೆಯಲ್ಲಿ, ತಗಡಿನ ಗೋಡೆಯ, ಕಿಟಕಿಯೆಂಬುದನ್ನೇ ಅರಿಯದ, ಪರ್ಣಾಮೃತವೆಂಬ ಹೆಸರಿನ ಶೆಡ್ಡೊಂದಿತ್ತು. ಆ ಶೆಡ್ಡಿನಲ್ಲಿ ಲವಣಮಿಶ್ರಣವಿಶಾರದೆಯೂ, ಪರ್ಣಪೃಷ್ಠಪರೀಕ್ಷಾಪ್ರವೀಣೆಯೂ, ಶ್ವೇತಮೂಲಾಘ್ರಾಣಕೋವಿದೆಯೂ, ಎರಡು ಮಂಡಿಗಳಲ್ಲೂ ಕಟಕಟಧ್ವನಿಯನ್ನು ಆಭರಣವಾಗಿ ಧರಿಸಿದವಳೂ ಆದ ದೇವೀರಮ್ಮನೆಂಬ ನಲವತ್ತೇಳು ವರ್ಷದ ವೀರನಾರಿ, ನೀಲಿ ಏಪ್ರನ್ನೇ ಕವಚವಾಗಿ, ಕೂದಲ ಬಲೆಯೇ ಕಿರೀಟವಾಗಿ, ಎರಡು ವರ್ಷ ನಾಲ್ಕು ತಿಂಗಳಿಂದ ಗಿಡಗಳ ಆರೋಗ್ಯವನ್ನು ಕಾಯುತ್ತಿದ್ದಳು. ಅವಳ ಪರಾಕ್ರಮವನ್ನು ಹಾಡುತ್ತೇನೆ. ಬಿಸಿಲಲ್ಲಿ ಕೂತಿದ್ದವರು ನೆರಳಿಗೆ ಸರಿದು ಕೇಳಿರಿ.

ಮೊದಲು ರಣಭೂಮಿಯ ವರ್ಣನೆ. ಬಿಳಿ ಪ್ಲಾಸ್ಟಿಕ್ ಕೊಳವೆಗಳಿಗೆ ಸಾಲಾಗಿ ತೂತು ಕೊರೆದು, ತೂತಿಗೊಂದರಂತೆ ಗಿಡ ಕೂರಿಸಿ, ಬೇರಿನಡಿ ಗೊಬ್ಬರದ ಉಪ್ಪು ಬೆರೆತ ನೀರನ್ನು ಹಗಲೂ ರಾತ್ರಿ ಹರಿಸುತ್ತಿದ್ದರೆ ಅದೇ ಬೇಸಾಯ. ಅಂಥ ಹನ್ನೆರಡು ಸಾಲು. ಒಂದೊಂದು ಸಾಲಿಗೆ ನೂರು ಗಿಡ. ಸೂರ್ಯನ ಬೆಳಕಿನಲ್ಲಿ ಗಿಡಕ್ಕೆ ದಕ್ಕುವುದು ಹೆಚ್ಚಾಗಿ ಕೆಂಪು ಮತ್ತು ನೀಲಿ, ಮಿಕ್ಕದ್ದು ದಂಡ ಎಂದು ಕಂಡುಕೊಂಡ ಪಂಡಿತರು ಮಿಕ್ಕ ಬಣ್ಣಗಳನ್ನೆಲ್ಲ ಆ ಶೆಡ್ಡಿನಿಂದ ಗಡೀಪಾರು ಮಾಡಿದ್ದರು. ಆದ್ದರಿಂದ ಅಲ್ಲಿ ಸದಾಕಾಲ ಒಂದು ಕಡು ನೇರಳೆಯ ಸಂಜೆ. ಹಸಿರು ಅಲ್ಲಿ ಕಪ್ಪು. ಹಳದಿ ಅಲ್ಲಿ ಕೆಂಪು. ಹಣೆಯ ಕುಂಕುಮ ಕಾಣುವುದಿಲ್ಲ, ಗಲ್ಲದ ಬಾಡಿಕೆ ಕಾಣುವುದಿಲ್ಲ. ಮನುಷ್ಯರು ಬಣ್ಣವಿಲ್ಲದ ಕೈಗಳಾಗಿ ಓಡಾಡುತ್ತಿದ್ದರು.

ಚಾವಣಿಯಲ್ಲಿ, ಕಬ್ಬಿಣದ ಹಳಿಯ ಮೇಲೆ ಆಸೀನನಾಗಿದ್ದವನೇ ಪರ್ಣದರ್ಶಿ: ದ್ವಾದಶಪಂಕ್ತಿಸಾಕ್ಷಿ, ರೆಪ್ಪೆಯಿಲ್ಲದ ಏಕಾಕ್ಷ, ಸಸ್ಯಾರೋಗ್ಯಾಂಕಪ್ರದಾತನಾದ ಕ್ಯಾಮರಾಯಂತ್ರ. ಹತ್ತು ನಿಮಿಷಕ್ಕೊಮ್ಮೆ ಅವನು ಮೂರು ಸಲ ಪೀಂಗುಡುತ್ತಿದ್ದನು. ಆಗ ನೇರಳೆ ದೀಪಗಳೆಲ್ಲ ಆರಿ, ನಾಲ್ಕೇ ನಾಲ್ಕು ಸೆಕೆಂಡು, ಮಿಂಚನ್ನು ಹಿಡಿದು ನಿಲ್ಲಿಸಿದಂಥ ಬಿಳಿಯ ಬೆಳಕು ಉರಿಯುತ್ತಿತ್ತು. ಆ ಬೆಳಕಿನಲ್ಲಿ ಎಲೆಗಳ ಚಿತ್ರ ತೆಗೆದು, ಎಷ್ಟು ಹಸಿರು ಎಷ್ಟು ಹಳದಿ ಎಂದು ಅಳೆದು, ಆರೋಗ್ಯಕ್ಕೆ ನೂರಕ್ಕಿಷ್ಟೆಂಬ ಅಂಕವನ್ನು ಗೋಡೆಯ ಪರದೆಯ ಮೇಲೂ ಮ್ಯಾನೇಜರನ ಅಂಗೈಯ ಮೇಲೂ ಕರುಣಿಸುತ್ತಿದ್ದನು.

ದೇವರು ಕಣ್ಣು ಬಿಡುವಾಗ ಭಕ್ತರು ಏನು ಮಾಡಬೇಕೆಂಬುದಕ್ಕೆ ಕಟ್ಟಳೆಯಿತ್ತು. ಅದು ಹದಿನಾಲ್ಕನೆಯ ನಿಯಮ. ಪೀಂ ಎಂದೊಡನೆ ಕೆಲಸಗಾರರು ಇದ್ದಲ್ಲೇ ಕುಕ್ಕರಗಾಲಿನಲ್ಲಿ ಕುಳಿತು, ತಲೆಯನ್ನು ಕೊಳವೆಗಿಂತ ಕೆಳಗೆ ತಂದು, ಕಣ್ಣು ಮುಚ್ಚಿಕೊಳ್ಳತಕ್ಕದ್ದು. ಬೆಳಕಿಗೆ ಕಣ್ಣು ಕೆಡಬಾರದೆಂಬುದು ಅದಕ್ಕೆ ಬರೆದಿದ್ದ ಕಾರಣ. ಚಿತ್ರದಲ್ಲಿ ಮನುಷ್ಯರು ಬೀಳಬಾರದೆಂಬುದು ಬರೆಯದಿದ್ದ ಕಾರಣ. ತಾಸಿಗೆ ಆರು ಸಲ, ಪಾಳಿಗೆ ನಲವತ್ತೆಂಟು ಸಲ, ಹನ್ನೊಂದು ಹೆಂಗಸರು ಒಂದೇ ಏಟಿಗೆ ಕುಸಿದು ಒಂದೇ ಏಟಿಗೆ ಏಳುತ್ತಿದ್ದರು.

"ಬಂದ್ಲು ಕನ್ರವ್ವ ಮಿಂಚವ್ವ, ಕುಂತ್ಕಳಿ!" ಎಂದು ಮೊದಲು ಕೂಗುತ್ತಿದ್ದವಳು ಗುರುಮಲ್ಲಮ್ಮ. ದೇವೀರಮ್ಮನ ಪಕ್ಕದ ಸಾಲಿನವಳು, ನಾಲಿಗೆಯೇ ಆಯುಧವಾದವಳು. ಕುಂತಲ್ಲಿಂದಲೇ ಗೊಣಗುತ್ತಿದ್ದಳು: "ಕಟ್ಕೊಂಡ್ ಗಂಡಂಗೂ ಇಷ್ಟ್ ಬಗ್ಗಿಲ್ಲ ಕನಕ್ಕೋ, ಈ ಸೊಪ್ಗೆ ಬಗ್ಗಿದಷ್ಟ."

"ಗಂಡ ನಿಂಗೆ ಬಗ್ತಿದ್ನಲ್ಲ, ಆ ಪಾಪ ಇದು" ಎನ್ನುತ್ತಿದ್ದಳು ದೇವೀರಮ್ಮ, ಮಂಡಿಯ ಮೇಲೆ ಕೈಯೂರಿ ಏಳುತ್ತ. ಮಂಡಿ ಕಟಕಟ ಎನ್ನುತ್ತಿತ್ತು. ಪರ್ಣದರ್ಶಿಯ ಅಂಕಪಟ್ಟಿಯಲ್ಲಿ ಮಂಡಿಗೆ ಕಾಲಂ ಇರಲಿಲ್ಲ.

ಯಂತ್ರ ಬರುವುದಕ್ಕೆ ಮುಂಚೆ ಗಿಡಗಳ ಸುಖದುಃಖ ನೋಡುತ್ತಿದ್ದವಳು ದೇವೀರಮ್ಮ. ಬಂದ ಮೇಲೂ ನೋಡುತ್ತಿದ್ದಳು. ಲೆಕ್ಕಕ್ಕೆ ಬರುತ್ತಿರಲಿಲ್ಲ, ಅಷ್ಟೆ. ಬೆಳಿಗ್ಗೆ ಎಂಟಕ್ಕೆ ಟ್ಯಾಂಕಿನ ನೀರಿಗೆ ಅಳತೆಯ ಪೆನ್ನನ್ನದ್ದಿ ಹುಳಿಯೆಷ್ಟು ಉಪ್ಪೆಷ್ಟು ಎಂದು ಬೋರ್ಡಿನ ಮೇಲೆ ಬರೆಯುವಳು. ಸಾಲಿಗೊಂದು ಗಿಡವನ್ನು ತೂತಿನಿಂದ ಎತ್ತಿ ಬೇರು ನೋಡುವಳು: ಬೆಳ್ಳಗಿದ್ದರೆ ಸುಖ, ಕಂದಿ ಲೋಳೆಯಾಗಿದ್ದರೆ ಕೊಳೆ. ಆಮೇಲೆ ಮೂಗಿನ ಹತ್ತಿರ ಹಿಡಿದು ಮೂಸುವಳು. ಎಲೆಯ ಬೆನ್ನನ್ನು ಹೆಬ್ಬೆರಳಿನಲ್ಲಿ ಸವರಿ, ಗರಿಗರಿಯಿದೆಯೋ ಸೊರಗಿದೆಯೋ ಎಂದು ಕೈಯಲ್ಲೇ ಓದುವಳು. ಬಣ್ಣ ಸತ್ತ ಆ ಕತ್ತಲೆಯಲ್ಲಿ ಅವಳಿಗೆ ಉಳಿದಿದ್ದ ಕಣ್ಣುಗಳು ಅವು ಎರಡೇ, ಮೂಗು ಮತ್ತು ಹೆಬ್ಬೆರಳು.

ಇನ್ನು ಯುದ್ಧಕಾರಣ.

ಬುಧವಾರ ನಾಲ್ಕು ಗಂಟೆಗೆ ನಗರದಿಂದ ಬಂಡವಾಳ ಹೂಡುವ ಮಹಾಶಯರು ಶೆಡ್ಡಿಗೆ ದಯಮಾಡಿಸುವವರಿದ್ದರು. ಮ್ಯಾನೇಜರ್ ಪ್ರಣವೇಶ, ಶೀತಕೋಷ್ಠನಿವಾಸಿಯೂ ಕಂಠಲಂಬಿತಗುರುತುಪಟ್ಟೀಧಾರಿಯೂ ಅಂಗೈಪರದೆದತ್ತೈಕದೃಷ್ಟಿಯೂ ಆದ ಇಪ್ಪತ್ತೊಂಬತ್ತರ ಯುವಕ, ಸೋಮವಾರ ಬೆಳಿಗ್ಗೆ ಶೆಡ್ಡನ್ನು ಅಲಂಕರಿಸಲು ಆಜ್ಞಾಪಿಸಿದನು. ಗಿಡಗಳ ನಡುವೆ, ಎಲೆಯ ಮಟ್ಟಕ್ಕೆ, ನೊಣ ಹಿಡಿಯುವ ಅಂಟುಕಾರ್ಡುಗಳನ್ನು ಕಡ್ಡಿಗೆ ಸಿಕ್ಕಿಸಿ ನಿಲ್ಲಿಸುವುದು ಆ ಕಸುಬಿನ ವಾಡಿಕೆ. ಹಳೆಯವು ನೊಣ ಹತ್ತಿ ಕರಿಯಾಗಿದ್ದವು. ಅವನ್ನು ತೆಗೆಸಿ ಹೊಚ್ಚಹೊಸ ನಲವತ್ತು ಕಾರ್ಡು ಹಾಕಿಸಿದನು. ಎರಡು ಕಡೆಯ ಮುಚ್ಚುಕಾಗದವನ್ನು ಹೆಂಗಸರು ಒಳಗೇ, ನೇರಳೆ ಬೆಳಕಿನಲ್ಲೇ ಸುಲಿದು ನಿಲ್ಲಿಸಿದರು. ಅಂಟಿನ ಬಣ್ಣವೇನೆಂದು ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಓದಬಲ್ಲವನು ಪೊಟ್ಟಣ ನೋಡಲಿಲ್ಲ. ಪೊಟ್ಟಣ ನೋಡಿದವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಆ ಮಧ್ಯಾಹ್ನ, ತಿಂಗಳುಗಟ್ಟಲೆ ತೊಂಬತ್ತಾರರಲ್ಲಿ ನಿಶ್ಚಲವಾಗಿದ್ದ ಆರೋಗ್ಯಾಂಕ ಎಂಬತ್ತೊಂದಕ್ಕೆ ಇಳಿಯಿತು. "ಎಲೆ ಹಳದಿಯಾಗುತ್ತಿದೆ" ಎಂದನು ಪರ್ಣದರ್ಶಿ.

ಪ್ರಣವೇಶನು ಚಿಂತಿಸಿದನು: ಕಣ್ಣಿಗೆ ಕಾಣದ ಕೀಟವೇ ಇರಬೇಕು. ಕೀಟಕ್ಕೆ ಮದ್ದು ಅಂಟುಕಾರ್ಡು. ಮಂಗಳವಾರ ಮತ್ತೆ ನಲವತ್ತು ಹಾಕಿಸಿದನು. ಅಂಕ ಅರವತ್ತಮೂರಾಯಿತು. ಬುಧವಾರ ಬೆಳಿಗ್ಗೆ ಇನ್ನೂ ನಲವತ್ತು. ಅಂಕ ನಲವತ್ತನಾಲ್ಕು. ರೋಗ ಏರಿದಂತೆಲ್ಲ ಮದ್ದು ಏರಿತು, ಮದ್ದು ಏರಿದಂತೆಲ್ಲ ರೋಗ ಏರಿತು, ಇದರ ನಡುವೆ ಗಿಡಗಳು ಏನೂ ಅರಿಯದ ಹಸುಗೂಸುಗಳಂತೆ ಚಿಗುರುತ್ತಲೇ ಇದ್ದವು.

ಇಂಥ ಸಂದರ್ಭದಲ್ಲಿ ವಿದ್ಯಾವಂತರು ಮಾಡುವುದನ್ನೇ ಪ್ರಣವೇಶನೂ ಮಾಡಿದನು. ತಪ್ಪು ಯಂತ್ರದ್ದಲ್ಲ, ತನ್ನದಂತೂ ಅಲ್ಲವೇ ಅಲ್ಲ. ಹಾಗಾದರೆ ಯಾರಾದರೂ ಮನುಷ್ಯರದ್ದಿರಬೇಕು. ಹನ್ನೊಂದು ಗಂಟೆಗೆ, ಕೈಯಲ್ಲಿ ಟೈಪು ಮಾಡಿಸಿದ ಹಾಳೆಯೆಂಬ ದಿವ್ಯಾಸ್ತ್ರವನ್ನು ಹಿಡಿದು ಏಳನೆಯ ಸಾಲಿಗೆ ಬಿಜಯಂಗೈದನು.

"ದೇವೀರಮ್ಮ, ಟ್ಯಾಂಕಿಗೆ ಉಪ್ಪು ಎಷ್ಟು ಚಮಚ ಹಾಕಿದ್ರಿ?"

"ದಿನಾ ಹಾಕೋವಷ್ಟೇ ಸಾ. ಎ ಡಬ್ಬದ್ದು ಎಲ್ಡು, ಬಿ ಡಬ್ಬದ್ದು ಎಲ್ಡು. ಬೋರ್ಡಲ್ ಬರ್ದಿವ್ನಿ."

"ಮತ್ತೆ ಗಿಡಕ್ಕೆಲ್ಲ ಕಾಮಾಲೆ ಯಾಕೆ ಬಂತು?"

"ಎಲ್ಲಿ ಬಂದದೆ ಸಾ?" ಅವಳು ಒಂದು ಗಿಡವನ್ನು ತೂತಿನಿಂದೆತ್ತಿ ಅವನ ಮೂಗಿನ ಬಳಿ ಹಿಡಿದಳು. "ಬೇರ್ ನೋಡಿ, ಶಾವ್ಗೆ ಇದ್ದಂಗದೆ. ಮೂಸ್ ನೋಡಿ."

"ನಾನ್ಯಾಕ್ರೀ ಮೂಸ್ಲಿ? ಸ್ಕ್ರೀನಲ್ಲಿ ನಲವತ್ನಾಲ್ಕು ತೋರಿಸ್ತಾ ಇದೆ!"

"ಸ್ಕ್ರೀನು ಮೂಸ್ತದಾ ಸಾ?"

ಆರನೆಯ ಸಾಲಿನಲ್ಲಿ ಗುರುಮಲ್ಲಮ್ಮ ಕೆಮ್ಮಿದಳು. ಅದು ಕೆಮ್ಮಲ್ಲವೆಂದು ಎಲ್ಲರಿಗೂ ಗೊತ್ತಾಯಿತು. ಆಗ ಕ್ರೋಧಾರುಣನೇತ್ರನಾದ (ಆ ಬೆಳಕಿನಲ್ಲಿ ಎಲ್ಲರ ನೇತ್ರಗಳೂ ಅರುಣವೇ) ಪ್ರಣವೇಶನು ಎದೆಯ ಗುರುತುಪಟ್ಟಿಯನ್ನು ಸರಿಪಡಿಸಿಕೊಂಡು, ವೀರರು ಸಮರಮುಖದಲ್ಲಿ ತಮ್ಮ ಕುಲವನ್ನು ಕೊಂಡಾಡುವಂತೆ ಪರ್ಣದರ್ಶಿಯ ಕುಲವನ್ನು ಕೊಂಡಾಡಿದನು.

"ಈ ಸಿಸ್ಟಮ್ ಅಂದ್ರೆ ಏನು ಅಂದ್ಕೊಂಡಿದೀರ? ಹತ್ತು ಲಕ್ಷ ಎಲೆ ನೋಡಿ ಕಲಿತಿರೋದು ಇದು. ಊಟ ಬೇಡ, ನಿದ್ದೆ ಬೇಡ, ರಜ ಬೇಡ. ಒಂದು ಸಲಾನೂ ಕಣ್ಣು ಮಿಟುಕಿಸಲ್ಲ. ಇದು ಹಳದಿ ಅಂದ್ರೆ ಹಳದಿ. ನೀವು ಎಷ್ಟು ಎಲೆ ನೋಡಿದೀರ ಹೇಳಿ?"

ದೇವೀರಮ್ಮ ಗಿಡವನ್ನು ಮೊದಲು ಅದರ ತೂತಿನಲ್ಲಿ ಕೂರಿಸಿದಳು. ಬೇರು ಮಡಚದಂತೆ ಬೆರಳಿನಿಂದ ಬಿಡಿಸಿದಳು. ಆಮೇಲೆ ಪ್ರತಿಗರ್ಜಿಸಿದಳು, ಹೆಚ್ಚು ದನಿಯೆತ್ತದೆ.

"ಎಣ್ಸಿಲ್ಲ ಸಾ. ಹುಟ್ಟಿದಾಗ್ಲಿಂದ ನೋಡ್ತಾ ಇವ್ನಿ. ನಮ್ಮವ್ವ ದಂಟು ಕೀರೆ ಹೊತ್ಕೊಂಡ್ ಮಾರೋಳು, ನಾ ಅವ್ಳ್ ಹಿಂದೆ ಓಡೋಳು. ಬಾಡಿದ್ ಸೊಪ್ಪ ಬಾಡದೆ ಅಂತ್ಲೇ ಹೇಳೋಳು ನಮ್ಮವ್ವ. ನೀವು ಚೆಂದಾಗಿರೋ ಸೊಪ್ಪ ಕೆಟ್ಟದೆ ಅಂತೀರ. ನೀವ್ ಏನೇ ಅನ್ನಿ, ನನ್ ಚಮಚ ತಪ್ಪಿಲ್ಲ."

"ತಪ್ಪಿದೆ ಅಂತ ಇಲ್ಲಿ ಬರೆದಿದೆ" ಎಂದು ಅವನು ಹಾಳೆಯನ್ನು ಓದಿದನು: "ಉಪ್ಪಿನ ಅಳತೆಯಲ್ಲಿ ನಾನು ತಪ್ಪು ಮಾಡಿದ್ದರಿಂದ ಗಿಡಗಳಿಗೆ ರೋಗ ಬಂದಿರುತ್ತದೆ. ಇದಕ್ಕೆ ನಾನೇ ಹೊಣೆ." ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಅವಳ ಹೆಸರು. "ಮೂರೂವರೆಯೊಳಗೆ ಸೈನ್ ಹಾಕಿ ಕೊಡಿ. ಗೆಸ್ಟುಗಳು ಕೇಳಿದ್ರೆ ನಾನು ಏನಾದ್ರೂ ತೋರಿಸ್ಬೇಕಲ್ಲ? ಹಾಕಿದ್ರೆ ನಾಳೆಯಿಂದ ಪ್ಯಾಕಿಂಗ್ ಸೆಕ್ಷನ್ನು. ಇಲ್ಲಾಂದ್ರೆ ನಾಳೆಯಿಂದ ಬರೋದೇ ಬೇಡ."

ಹೀಗೆ ನುಡಿದು, ಅಸ್ತ್ರವನ್ನು ಕೊಳವೆಯ ಮೇಲೆ ಮಡಗಿ, ಶೀತಕೋಷ್ಠಕ್ಕೆ ಹಿಂತಿರುಗಿದನು.

ಬುತ್ತಿಯ ಹೊತ್ತಿನಲ್ಲಿ ಹೊರಗಿನ ಸಿಮೆಂಟು ಕಟ್ಟೆಯ ಮೇಲೆ ಮಂತ್ರಾಲೋಚನೆ ನಡೆಯಿತು. ಗುರುಮಲ್ಲಮ್ಮ ಮುದ್ದೆ ಮುರಿಯುತ್ತ ಸಂಧಿಯ ಪಕ್ಷ ಹಿಡಿದಳು.

"ಹಾಕ್ಬುಡಕ್ಕ ಅತ್ಲಾಗೆ. ಪ್ಯಾಕಿಂಗ್‌ನಲ್ಲಿ ಕುರ್ಚಿ ಅದೆ."

ಕುರ್ಚಿ! ಆ ಶಬ್ದ ಕೇಳಿ ದೇವೀರಮ್ಮನ ಎರಡೂ ಮಂಡಿಗಳು ಒಡತಿಯ ಅಪ್ಪಣೆಯಿಲ್ಲದೆ ಶತ್ರುಪಕ್ಷಕ್ಕೆ ಸೇರಿಕೊಂಡವು. ಬೆನ್ನಿಗೆ ಒರಗುವ ಹಲಗೆ, ಕೆಳಗೆ ನಾಲ್ಕು ಕಾಲು, ದಿನಕ್ಕೆ ನಲವತ್ತೆಂಟು ಸಲ ಕುಕ್ಕರಿಸಬೇಕಾಗಿಲ್ಲದ ಬಾಳು! ಚಕ್ರವರ್ತಿಗಳು ಇದಕ್ಕಿಂತ ಸಣ್ಣ ಪೀಠಗಳಿಗಾಗಿ ಒಡಹುಟ್ಟಿದವರ ಕತ್ತು ಕೊಯ್ದಿದ್ದಾರೆ. ದೇವೀರಮ್ಮ ಒಂದು ಗಳಿಗೆ, ಒಂದೇ ಗಳಿಗೆ, ಆ ಕುರ್ಚಿಯಲ್ಲಿ ಕೂತು ನೋಡಿದಳು. ಆಮೇಲೆ ಎದ್ದಳು.

"ಬ್ಯಾಡ ಕನ ಗುರುಮಲ್ಲಿ. ಮಾಡಿದ್ನ ಮಾಡಿವ್ನಿ ಅಂತ ಬರ್ಕೊಡ್ಬೋದು. ಮಾಡ್ದೆ ಇರದ್ನ ಬರ್ಕೊಟ್ರೆ, ನಾಳೆ ಈ ಏರಿಯಾದಲ್ ಯಾವ್ ಶೆಡ್‌ಗೋದ್ರೂ 'ಓ, ಉಪ್ಪ್ ತಪ್ಸಿದ್ಲಲ್ಲ, ಆ ಯಮ್ಮ' ಅಂತಾರೆ. ಅವರೆಲ್ಲ ಫೋನಲ್ ಒಬ್ರಿಗೊಬ್ರು ಮಾತಾಡ್ಕತಾರೆ. ಆಮ್ಯಾಕೆ ನಾ ಯಾವ್ ನೀರ್ಗೆ ಕೈ ಇಕ್ಲಿ?"

"ಸರಿ, ಹಾಕ್ಬ್ಯಾಡ. ನಾಳೆ ಮನೇಲ್ ಕುಂತ್ಕಂಡು ಉಪ್ಪು ಅಳಿ."

"ಅಲ್ವೇ, ಆ ಮಿಷನ್ಗೆ ಕಾಣೋ ಹಳದಿ ನಂಗ್ಯಾಕೆ ಕಾಣಾಕಿಲ್ಲ?"

"ಅದು ಬೆಳ್ಳನೆ ಬೆಳ್ಕಲ್ಲಿ ನೋಡ್ತದೆ ಕನಕ್ಕ. ನಾವು ಈ ಬದ್ನೆಕಾಯ್ ಬೆಳ್ಕಲ್ಲಿ ನೋಡ್ತೀವಿ."

"ಆ ಬೆಳ್ಳನೆ ಬೆಳಕು ನಮ್ ಮ್ಯಾಲೂ ಬೀಳ್ತದಲ್ಲ. ದಿನಕ್ಕೆ ನಲವತ್ತೆಂಟು ಕಿತ ಬೀಳ್ತದೆ."

"ಬೀಳ್ತದೆ. ಆಗ ನಾವು ಕಣ್ ಮುಚ್ಕಂಡ್ ಕುಂತಿರ್ತೀವಿ."

ಹಾಗೆಂದ ಗುರುಮಲ್ಲಮ್ಮನ ಕೈಯಲ್ಲಿ ಮುದ್ದೆಯ ತುತ್ತು ಅರ್ಧ ದಾರಿಯಲ್ಲಿ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನ್ನೊಂದು ಜನ ಹೆಂಗಸರು ವರ್ಷಗಟ್ಟಲೆ ದುಡಿದ ಆ ಶೆಡ್ಡನ್ನು ಬಿಳಿಯ ಬೆಳಕಿನಲ್ಲಿ ನೋಡಿದ ಒಂದು ನರಪಿಳ್ಳೆಯೂ ಇರಲಿಲ್ಲ. ನೋಡುವುದಕ್ಕೆಂದೇ ಬೆಳಕು ಹತ್ತುತ್ತಿತ್ತು. ಅದು ಹತ್ತಿದಾಗೆಲ್ಲ ನೋಡಬಲ್ಲವರನ್ನು ಕೂರಿಸಿ ಕಣ್ಣು ಮುಚ್ಚಿಸುತ್ತಿದ್ದರು. ಈ ವ್ಯವಸ್ಥೆಯನ್ನು ಬುದ್ಧಿವಂತಿಕೆ ಎಂದು ಕರೆದು ಅದಕ್ಕೊಂದು ಪ್ರಶಸ್ತಿಯನ್ನೂ ಕೊಟ್ಟಿದ್ದರು. ಪ್ರಶಸ್ತಿಯ ಗಾಜಿನ ಫಲಕ ಮ್ಯಾನೇಜರನ ಮೇಜಿನ ಮೇಲಿತ್ತು.

"ಅಕ್ಕೋ," ಎಂದಳು ಗುರುಮಲ್ಲಮ್ಮ ಮೆಲ್ಲಗೆ, "ಕಣ್ ಕೆಡ್ತದಂತೆ."

"ಇದ್ದೂ ಏನ್ ನೋಡಿವ್ನಿ ಬುಡು" ಎಂದಳು ದೇವೀರಮ್ಮ.

ಇನ್ನು ಕೇಳಿರಿ ಆ ಮಹಾಮುಹೂರ್ತವನ್ನು. ಮಧ್ಯಾಹ್ನ ಎರಡು ಗಂಟೆ ಐವತ್ತು ನಿಮಿಷ. ಪಂಪುಗಳು ಗುಂಯ್‌ಗುಡುತ್ತಿದ್ದವು, ಫ್ಯಾನುಗಳು ಚಾಮರ ಬೀಸುತ್ತಿದ್ದವು, ಸಹಿಯಿಲ್ಲದ ಹಾಳೆ ಏಳನೆಯ ಸಾಲಿನ ಕೊಳವೆಯ ಮೇಲೆ ಪಟಪಟ ಎನ್ನುತ್ತಿತ್ತು. ಪೀಂ ಎಂದಿತು ಯಂತ್ರ. ಪೀಂ ಎಂದಿತು. ಮೂರನೆಯ ಪೀಂಕಾರ ಮುಗಿಯುವುದರೊಳಗೆ ಹತ್ತು ಹೆಂಗಸರು ಅಭ್ಯಾಸಬಲದಿಂದ ಕೊಯ್ದ ಪೈರಿನಂತೆ ನೆಲಕ್ಕೆ ಕುಸಿದರು. ದೇವೀರಮ್ಮನ ಮಂಡಿಗಳೂ ಮಡಚಿದವು. ದಿನಕ್ಕೆ ನಲವತ್ತೆಂಟು ಸಲದ ಕಲಿಕೆ ಮೊಳಕಾಲಿನಲ್ಲಿ ಕೂತಿರುತ್ತದೆ, ತಲೆಯ ಮಾತು ಅದಕ್ಕೆ ಕೇಳುವುದಿಲ್ಲ. ಅರ್ಧ ಕುಸಿದವಳು ಕೊಳವೆಯ ಚೌಕಟ್ಟನ್ನು ಎರಡು ಕೈಯಲ್ಲೂ ಹಿಡಿದಳು. ಹಲ್ಲು ಕಚ್ಚಿದಳು. ಬಿಲ್ಲಿನಂತೆ ಬಾಗಿದ್ದ ಬೆನ್ನನ್ನು ಗೇಣುಗೇಣಾಗಿ ನೆಟ್ಟಗೆ ಮಾಡಿಕೊಂಡು, ಕೂದಲಬಲೆಯ ಕಿರೀಟ ದೀಪದ ತಂತಿಗೆ ತಾಗುವಷ್ಟು ಎತ್ತರಕ್ಕೆ ನಿಂತಳು.

"ಯಕ್ಕಾ, ಕುಂತ್ಕೋ!" ಎಂದು ಯಾರೋ ಕೆಳಗಿನಿಂದ ಸೀರೆಯ ನೆರಿಗೆ ಜಗ್ಗಿದರು.

ನೇರಳೆಯ ಲೋಕ ಆರಿತು. ಬೆಳಕು ಬಿತ್ತು.

ಬಿದ್ದದ್ದು ಬೆಳಕಲ್ಲ, ಎರಡು ಕಣ್ಣಿಗೂ ಹಾಕಿದ ಬರೆ. ರೆಪ್ಪೆಗಳು ಶರಣಾಗತಿ ಬೇಡಿದವು, ಅವಳು ಕೊಡಲಿಲ್ಲ. ನೀರು ಧಾರೆಯಾಗಿ ಇಳಿಯಿತು, ಇಳಿಯಲಿ ಎಂದಳು. ಒಂದು ಸೆಕೆಂಡು ಬರೀ ಬಿಳುಪು. ಮತ್ತೊಂದು ಸೆಕೆಂಡಿಗೆ ಆ ಬಿಳುಪಿನೊಳಗಿಂದ ಬಣ್ಣಗಳು ತಾವಾಗಿ ಎದ್ದು ಬಂದವು, ಗಡೀಪಾರಾದವರು ಊರಿಗೆ ಮರಳಿ ಬಂದಂತೆ. ಹಸಿರು! ಅವಳು ಕೈಯಲ್ಲಿ ಸವರಿ, ಮೂಗಿನಲ್ಲಿ ಮೂಸಿ, ಬೆಳೆಸಿ ಕೊಯ್ದು ಕಳಿಸಿದ ಗಿಡಗಳು ಅಷ್ಟು ಹಸಿರಾಗಿದ್ದವೆಂದು ಅವಳಿಗೆ ಗೊತ್ತೇ ಇರಲಿಲ್ಲ. ತುಂಬು ಕೆರೆಯ ಕೆಳಗಣ ನಾಟಿಗದ್ದೆಯ ಹಸಿರು. ಹನ್ನೆರಡು ಸಾಲು, ಒಂದು ಎಲೆಗೂ ಕುಂದಿಲ್ಲ. ಆ ಹಸಿರಿನ ನಡುವೆ, ಎಲೆಯ ಮಟ್ಟಕ್ಕೆ ಸರಿಯಾಗಿ, ಸಾಲಿಗೆ ಹತ್ತರಂತೆ, ಅರಿಸಿನ ಬಳಿದುಕೊಂಡು ನಿಂತ ನೂರಿಪ್ಪತ್ತು ಹಳದಿ ಕಾರ್ಡುಗಳು.

ಪೀಂ. ನೇರಳೆ ಕವಿಯಿತು.

"ಏನ್ ಕಾಣ್ತಕ್ಕೋ?" ಎಂದು ನೆಲದಿಂದ ಹತ್ತು ಗಂಟಲುಗಳು ಕೇಳಿದವು.

ದೇವೀರಮ್ಮ ಸೆರಗಿನಲ್ಲಿ ಕಣ್ಣೊತ್ತಿಕೊಂಡಳು. "ಕಾಡ್ಗಳು ಕನ್ರವ್ವ! ಆ ನೊಣದ್ ಕಾಡ್ಗಳು. ಹಳದಿ ಆಗಿರೋದು ಅವು! ನಾವ್ ನಟ್ಟಿದ್ದ ಕಾಯ್ಲೆಗೆ ನಾವೇ ಮದ್ದು ನಡ್ತಾ ಇದ್ದೀವಿ!"

ಅಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು. ಫೋನನ್ನು ಎದೆಗೊತ್ತಿಕೊಂಡು ಪ್ರಣವೇಶ ಓಡಿ ಬಂದನು. ಪರ್ಣದರ್ಶಿ ಅವನ ಅಂಗೈಯಲ್ಲಿ ಎದೆಯೊಡೆದು ಕಿರಿಚುತ್ತಿದ್ದನು.

"ಏಳನೇ ಸಾಲಲ್ಲಿ ಏನ್ರೀ ಅದು? ಕೇಳಿ ಇಲ್ಲಿ: ಗುರುತಿಸಲಾಗದ ಗಿಡ. ಎತ್ತರ ಮಿತಿ ಮೀರಿದೆ. ತುದಿಭಾಗ ನರೆತಿದೆ. ಕಾಂಡ ಬಾಗಿದೆ. ತೀವ್ರ ನೀರಿನ ಕೊರತೆ. ಕೂಡಲೇ ನೀರು ಕೊಟ್ಟು, ಬೆಳಕಿನಿಂದ ದೂರ ಸರಿಸಿ, ಎರಡು ದಿನ ಹಾಗೇ ಬಿಡಿ..." ಓದುತ್ತ ಓದುತ್ತ ಅವನ ದನಿ ಇಳಿಯಿತು. ಚಿತ್ರವನ್ನು ದೊಡ್ಡದು ಮಾಡಿದನು. ಪರದೆಯ ತುಂಬ ದೇವೀರಮ್ಮನ ಮುಖ, ಕಣ್ಣೆರಡೂ ಕೆಂಡ.

ಆ ಶೆಡ್ಡಿನಲ್ಲಿ ದೇವೀರಮ್ಮನಿಗೆ ಯಾರಾದರೂ ನೀರು ಕೊಡಿ ಎಂದದ್ದು ಅದೇ ಮೊದಲು. ಎಂದದ್ದು ಯಂತ್ರ, ಅದೂ ಗಿಡವೆಂದು ತಿಳಿದು.

"ನಿಯಮ ಮುರಿದಿದೀರ ನೀವು!"

"ಮುರ್ದಿವ್ನಿ ಸಾ. ಏಳ್ನೇ ಸಾಲಿನ್ ಕಾಡ್ ಹತ್ತನ್ನೂ ಕಿತ್ತಾಕ್ತೀನಿ, ಇನ್ನೊಂದ್ ಕಿತ ಮಿಂಚವ್ವ ಬರ್ಲಿ. ಮೂರೂವರೆಗೆ ಇನ್ನೂ ಟೈಮದೆ."

ಅವನು ಬೇಡವೆನ್ನುವುದರೊಳಗೆ ಗುರುಮಲ್ಲಮ್ಮ ಅತ್ತ ತುದಿಯಿಂದ, ದೇವೀರಮ್ಮ ಇತ್ತ ತುದಿಯಿಂದ ಕಾರ್ಡುಗಳನ್ನು ಕೀಳತೊಡಗಿದ್ದರು. ಪ್ರಣವೇಶ ಬಾಗಿಲಾಚೆ ನಿಂತು ಅಂಗೈ ನೋಡತೊಡಗಿದನು. ಮೂರು ಗಂಟೆಗೆ ಪೀಂ ಎಂದಿತು. ಹನ್ನೊಂದು ಜನರೂ ಕುಂತರು, ಎದ್ದರು. ಬಾಗಿಲಾಚೆ ಪ್ರಣವೇಶ ಒಂದೊಂದು ಸಾಲಿನ ಅಂಕವನ್ನೂ ಬೆರಳಿಟ್ಟು ಓದಿದನು.

ಮಿಕ್ಕ ಹನ್ನೊಂದು ಸಾಲು ನಲವತ್ತನಾಲ್ಕು. ಏಳನೆಯದು ತೊಂಬತ್ತಾರು.

ಒಳಗೆ ಬಂದ ಪ್ರಣವೇಶನ ಮೊದಲ ಮಾತು ಇದು: "ಅಲ್ಲ, ಹಾಕೋವಾಗ ಹಳದಿ ಅಂತ ನಿಮಗ್ಯಾರಿಗೂ ಗೊತ್ತಾಗ್ಲಿಲ್ವಾ?"

"ಇಲ್ ಯಾವ್ದು ಹಳದಿ ಕಾಣ್ತದೆ ಸಾ?" ಎಂದಳು ಗುರುಮಲ್ಲಮ್ಮ. "ನಿಮ್ ಮಕ ನೋಡಿ, ಚಟ್ಟದ್ ಮ್ಯಾಲಿನ್ ಹೆಣ ಇದ್ದಂಗದೆ. ಹಂಗಂತ ನಾವ್ ಅತ್ತಿದ್ದೀವಾ?"

ಹತ್ತು ನಿಮಿಷದಲ್ಲಿ ಮಿಕ್ಕ ನೂರಹತ್ತು ಕಾರ್ಡುಗಳೂ ಧರಾಶಾಯಿಯಾದವು. ಮೂರು ಹತ್ತರ ಪೀಂಕಾರಕ್ಕೆ ಇಡೀ ಶೆಡ್ಡು ತೊಂಬತ್ತಾರಕ್ಕೆ ಏರಿತು. ಮೂರು ದಿನಗಳ ಮಹಾಮಾರಿ ಯಾವ ಗಿಡವನ್ನೂ ಮುಟ್ಟದೆ, ಯಾವ ಎಲೆಯನ್ನೂ ಸೋಕದೆ, ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಹೋಯಿತು. ಅಂಟಿಗೆ ಸಿಕ್ಕಿ ಮಡಿದಿದ್ದ ಶತ್ರುಗಳನ್ನು ಗುರುಮಲ್ಲಮ್ಮ ಎಣಿಸಿದಳು. ಎರಡು ಗುಂಗಾಡಿ.

ಮೂರೂವರೆಗೆ ಪ್ರಣವೇಶ ಮತ್ತೆ ಬಂದನು. ಈ ಸಲ ಅವನ ದನಿಯಲ್ಲಿ ಗರ್ಜನೆಯಿರಲಿಲ್ಲ, ಸೋತು ಸೋಲೊಪ್ಪದವರ ಸಣ್ಣ ಕೆರೆತವಿತ್ತು.

"ನೋಡಿ ದೇವೀರಮ್ಮ, ನಿಮ್ಮ ಫೋಟೋ ತಾನಾಗೇ ಹೆಡ್ಡಾಫೀಸಿಗೆ ಹೋಗಿದೆ. ಅವರು ಕೇಳೇ ಕೇಳ್ತಾರೆ. ಏನಾದ್ರೂ ಒಂದು ಬರೆದು ಕೊಡ್ಬೇಕು. ವಾರ್ನಿಂಗ್ ಲೆಟರು ಅಷ್ಟೇ. ಉಪ್ಪಿನ ಕೆಲಸ ನಿಮ್ಮದೇ ಇರತ್ತೆ."

"ಮೊದ್ಲು ಅದ ಹರೀರಿ" ಎಂದಳು ಅವಳು, ಕೊಳವೆಯ ಮೇಲಿದ್ದ ಹಾಳೆಯತ್ತ ಗಲ್ಲ ತೋರಿಸಿ.

ಅವನು ಎರಡಾಗಿ ಹರಿದನು. ಅವಳು ನೋಡುತ್ತಲೇ ನಿಂತಿದ್ದಳು. ನಾಲ್ಕಾಗಿ ಹರಿದನು.

"ಈಗ ಓದಿ."

ಅವನು ಕೈಬರಹದ ಹಾಳೆಯನ್ನು ಓದಿದನು: "ಹದಿನಾಲ್ಕನೆಯ ನಿಯಮದ ಪ್ರಕಾರ ಕುಳಿತು ಕಣ್ಣು ಮುಚ್ಚಿಕೊಳ್ಳುವ ಬದಲು, ಎರಡು ಐವತ್ತಕ್ಕೆ, ನಾನು ನಿಂತುಕೊಂಡು ಕಣ್ಣು ಬಿಟ್ಟಿದ್ದೆ."

"ಇನ್ನೊಂದ್ ಕಿತ ಓದಿ ಸಾ. ಇವ್ರ್ಗೆ ಕೇಳ್ಸಿಲ್ಲ."

ಅವನು ಇನ್ನೊಂದು ಸಲ ಓದಿದನು, ಹನ್ನೊಂದು ಜನರ ಮುಂದೆ, ಜೋರಾಗಿ.

"ದಿಟ ಅದೆ. ಕೊಡಿ ಪೆನ್ನು" ಎಂದಳು ದೇವೀರಮ್ಮ. ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಇಟ್ಟುಕೊಂಡು, ಒಂದೊಂದು ಅಕ್ಷರಕ್ಕೂ ಅದರ ಕೊಂಬು ಕಾಲುಗಳನ್ನು ಪೂರ್ತಿಯಾಗಿ ಸಲ್ಲಿಸಿ, ಗೆರೆಯ ಉದ್ದಕ್ಕೂ ಸಹಿ ಹಾಕಿದಳು.

ಈ ಪ್ರಕಾರವಾಗಿ ಯುದ್ಧ ಮುಗಿಯಿತು. ಆಕಾಶದಿಂದ ಹೂಮಳೆ ಸುರಿಯಲಿಲ್ಲ. ಸುರಿದಿದ್ದರೂ ತಗಡಿನ ಮೇಲೆ ಬಿದ್ದು ಬಾಡುತ್ತಿತ್ತು. ಸರಿಯಾಗಿ ನಾಲ್ಕಕ್ಕೆ ಬಂಡವಾಳದ ಮಹಾಶಯರು ಮೂವರು ಬಂದರು. ಶುಚಿತ್ವದ ಕಟ್ಟಳೆಯಂತೆ ಪ್ರಣವೇಶನೂ ಅವರೂ ಬಾಗಿಲಲ್ಲಿ ಬೂಟು ಕಳಚಿಟ್ಟು, ಕಾಲುಚೀಲದಲ್ಲೇ ಮೆತ್ತಗೆ ಒಳಗೆ ನಡೆದರು. ಅತಿಥಿಗಳು ಒಂದೊಂದು ಎಲೆ ಕಿತ್ತು ಅಗಿದರು, ತಲೆಯಾಡಿಸಿದರು, ಅಂಕವನ್ನು ಫೋಟೋ ತೆಗೆದುಕೊಂಡರು. "ಸೋಮವಾರ ಒಂದು ಸಣ್ಣ ಡಿಪ್ ಆಗಿತ್ತು ಸರ್, ನಮ್ಮ ಸಿಸ್ಟಮ್ಮೇ ಅದನ್ನ ಕಂಡುಹಿಡಿದು ಸರಿ ಮಾಡ್ತು" ಎಂದು ಪ್ರಣವೇಶ ವಿವರಿಸುತ್ತಿದ್ದನು. ದೇವೀರಮ್ಮ ಅಳತೆಯ ಪೆನ್ನನ್ನು ಟ್ಯಾಂಕಿನ ನೀರಿಗೆ ಅದ್ದುತ್ತಿದ್ದಳು.

ಪೀಂ, ಪೀಂ, ಪೀಂ.

ನಿಯಮ ನಿಯಮವೇ. ಅತಿಥಿಗಳು ನಗುತ್ತ, ಮಕ್ಕಳಾಟವೆಂಬಂತೆ, ಏದುಸಿರು ಬಿಡುತ್ತ ಕುಕ್ಕರಿಸಿದರು. ಅವರ ಮುಂದೆ ಶಿಸ್ತಿನ ಮಾದರಿಯಾಗಿ ಪ್ರಣವೇಶನೂ ಕುಕ್ಕರಿಸಿ, ತಲೆ ತಗ್ಗಿಸಿ, ರೆಪ್ಪೆಗಳನ್ನು ಬಿಗಿಯಾಗಿ ಮುಚ್ಚಿದನು. ಹನ್ನೊಂದು ಹೆಂಗಸರೂ ಕುಂತರು, ತಲೆಗಳು ಕೊಳವೆಗಿಂತ ಕೆಳಗೆ, ಮಂಡಿಗಳು ಕಟಕಟ. ಯಾರೂ ಯಾರಿಗೂ ಹೇಳಿರಲಿಲ್ಲ. ಹನ್ನೊಂದು ಜೊತೆ ಕಣ್ಣುಗಳೂ ಬಿಟ್ಟೇ ಇದ್ದವು.

ಬೆಳಕು ಬಿತ್ತು. ನೀರು ತುಂಬಿದ ಕಣ್ಣುಗಳಲ್ಲಿ, ಆ ಇಡೀ ಯುಗದ ಹೂರಣವೇ ಬಯಲಾಗುವುದೋ ಎಂಬಂತೆ, ಅವರು ನೋಡಿದರು. ಕಂಡದ್ದು ಇಷ್ಟು: ಮ್ಯಾನೇಜರನ ಬಲಗಾಲಿನ ಕಾಲುಚೀಲ ಹರಿದು, ಹೆಬ್ಬೆರಳು ಆಚೆ ಬಂದಿತ್ತು. ಉಗುರನ್ನೂ ಕತ್ತರಿಸಿರಲಿಲ್ಲ.